ಮನೆ ಸಾಲವನ್ನು ಫಿಕ್ಸೆಡ್ ಬಡ್ಡಿಗೆ ಹಾಕಿಸುವ ಮೊದಲು

ಲಂಡನ್ನಿನಲ್ಲಿರುವ ನಮ್ಮ ಚಿಕ್ಕಮ್ಮನ ಮಗ ಭಾನುವಾರ ಫೋನ್ ಮಾಡಿದಾಗಲೆಲ್ಲ ಮನೆ ಸಾಲದ ಮಾತು ಬಂದೇ ಬರುತ್ತದೆ. ಅಲ್ಲಿ ಎರಡು ವರ್ಷಕ್ಕೋ ಐದು ವರ್ಷಕ್ಕೋ ಬಡ್ಡಿ ಫಿಕ್ಸ್ ಮಾಡಿಸಿಕೊಳ್ಳುವುದು ರೂಢಿ. ಆ ಅವಧಿ ಮುಗಿದರೆ ಸಾಲ ಬ್ಯಾಂಕಿನ ಮಾಮೂಲಿ ಬದಲಾಗುವ ದರಕ್ಕೆ ಬೀಳುತ್ತದೆ. ಅದು ಸಾಮಾನ್ಯವಾಗಿ ದುಬಾರಿ. ಹಾಗಾಗಿ ಮುಂಚೆಯೇ ಇನ್ನೊಂದು ಫಿಕ್ಸೆಡ್ ಡೀಲ್ ಹುಡುಕಿ ಸಾಲವನ್ನು ಅತ್ತ ಸಾಗಿಸುತ್ತಾರೆ. ರೀಮಾರ್ಟ್‌ಗೇಜ್ ಅನ್ನುವುದು ಇದಕ್ಕೇ.

ಇದನ್ನು ಕೇಳಿಸಿಕೊಂಡ ನಮ್ಮ ಬನಶಂಕರಿ ಭಾವ ಒಂದು ಸಂಜೆ ಸಾಲದ ಫೈಲ್ ಹಿಡಿದುಕೊಂಡೇ ಬಂದರು. ‘ಅವನು ನೋಡು, ಐದು ವರ್ಷ ನಿಶ್ಚಿಂತೆ. ನಾವೂ ಫಿಕ್ಸೆಡ್ ಮಾಡಿಸಿಬಿಡೋಣ್ವಾ?’ ಅಂದರು. ಬಾಕಿ ಅಸಲು 50 ಲಕ್ಷ. ಉಳಿದಿರುವುದು 15 ವರ್ಷ. ಬಡ್ಡಿ ಶೇ 8.5, ಫ್ಲೋಟಿಂಗ್, ಅಂದರೆ ಆಗಾಗ ಬದಲಾಗುವ ದರ. ತಿಂಗಳಿಗೆ 49,237 ರೂಪಾಯಿ ಇಎಂಐ.

ಎರಡು ಕಾಫಿ, ಒಂದು ಕ್ಯಾಲ್ಕುಲೇಟರ್, ಮೂರು ಗಂಟೆ. ಆ ಸಂಜೆ ಮತ್ತು ಅದಾದ ಮೇಲಿನ ಒಂದು ತಿಂಗಳಲ್ಲಿ ನಾವು ಮಾಡಿದ್ದನ್ನೇ ಇಲ್ಲಿ ವರಸೆಯಾಗಿ ಬರೆಯುತ್ತಿದ್ದೇನೆ. ನಿಮ್ಮ ಅಂಕಿಗಳು ಬೇರೆ ಇರುತ್ತವೆ. ಲೆಕ್ಕ ಹಾಕುವ ದಾರಿ ಇದೇ.

1. ಫೈಲಿನಿಂದ ಕೆಲವು ಅಂಕಿ ಹೊರಗೆ ತೆಗೆಯಿರಿ

ಬ್ಯಾಂಕಿನ ಆ್ಯಪ್‌ನಲ್ಲೋ ವೆಬ್‌ಸೈಟಿನಲ್ಲೋ ಲೋನ್ ಸ್ಟೇಟ್‌ಮೆಂಟ್ ಸಿಗುತ್ತದೆ. ಜೊತೆಗೆ ಹಳೇ ಸ್ಯಾಂಕ್ಷನ್ ಲೆಟರ್, ಅಂದರೆ ಸಾಲ ಮಂಜೂರಾದ ಪತ್ರ, ಇಟ್ಟುಕೊಳ್ಳಿ. ಒಂದು ಹಾಳೆಯಲ್ಲಿ ಇಷ್ಟು ಬರೆಯಿರಿ: ಬಾಕಿ ಅಸಲು ಎಷ್ಟು, ಎಷ್ಟು ಕಂತು ಉಳಿದಿವೆ, ಇವತ್ತಿನ ಬಡ್ಡಿ ಎಷ್ಟು, ಅದು ಯಾವ ದರಕ್ಕೆ ಜೋಡಿಸಿದ್ದು, ಅದರ ಮೇಲೆ ಬ್ಯಾಂಕು ಎಷ್ಟು ಸೇರಿಸುತ್ತಿದೆ. ಸಾಲ ತೆಗೆದುಕೊಂಡಾಗ ಯಾವ ವರ್ಷಕ್ಕೆ ಮುಗಿಯಬೇಕಿತ್ತು ಅನ್ನುವುದನ್ನೂ ಪಕ್ಕದಲ್ಲಿ ಬರೆಯಿರಿ.

ಕೊನೆಯದು ಯಾಕೆ ಅಂದರೆ, ನನಗೆ ಅದರಲ್ಲೇ ಪೆಟ್ಟು ಬಿದ್ದದ್ದು. 2023ರಲ್ಲಿ ತೆರಿಗೆಗೆ ಬೇಕಾದ ಬಡ್ಡಿ ಸರ್ಟಿಫಿಕೇಟ್ ಇಳಿಸಿಕೊಳ್ಳಲು ಹೋದೆ. ಸುಮ್ನೆ ಕೆಳಗೆ ಕಣ್ಣಾಡಿಸಿದರೆ, 15 ವರ್ಷ ಉಳಿದಿರಬೇಕಾದ ನನ್ನ ಸಾಲಕ್ಕೆ 22 ವರ್ಷ ಉಳಿದಿತ್ತು. ಇಎಂಐ ಒಂದು ರೂಪಾಯಿಯೂ ಬದಲಾಗಿರಲಿಲ್ಲ. ಹಾಗಾಗಿ ನನಗೆ ಏನೂ ಗೊತ್ತಾಗಿರಲಿಲ್ಲ. ಬಡ್ಡಿ ಶೇ 7ರಿಂದ 9.5ಕ್ಕೆ ಏರಿದಾಗ ಬ್ಯಾಂಕಿನವರು ಕಂತು ಏರಿಸುವ ಬದಲು ಅವಧಿ ಎಳೆದುಬಿಟ್ಟಿದ್ದರು. ಕೇಳಿದರೆ ‘ಎಸ್‌ಎಂಎಸ್ ಬಂದಿರುತ್ತೆ ನೋಡಿ ಸರ್’ ಅಂದರು. ಬಂದಿರಲಿಲ್ಲ.

ಹೊಸ ಸಾಲಗಾರರ ಕತೆ ಇನ್ನೂ ಕಷ್ಟ. 50 ಲಕ್ಷ, 20 ವರ್ಷ, ಶೇ 6.75 ಅಂದರೆ ಇಎಂಐ 38,018 ರೂಪಾಯಿ. ಅಸಲು ಇನ್ನೂ ಹೆಚ್ಚುಕಡಿಮೆ 50 ಲಕ್ಷವೇ ಇರುವಾಗ ಬಡ್ಡಿ ಶೇ 9.25 ಆಯಿತು ಅನ್ನಿ. ಆಗ ಒಂದು ತಿಂಗಳ ಬಡ್ಡಿಯೇ 38,542 ರೂಪಾಯಿ. ಕಟ್ಟಿದ ಕಂತು ಬಡ್ಡಿಗೂ ಸಾಲುವುದಿಲ್ಲ. ಇಂಥದ್ದು ಜಾಸ್ತಿಯಾದ ಮೇಲೆ ರಿಸರ್ವ್ ಬ್ಯಾಂಕು 2023ರ ಆಗಸ್ಟ್ 18ರಂದು ಸುತ್ತೋಲೆ ಹೊರಡಿಸಿತು. ಬಡ್ಡಿ ಬದಲಾದಾಗ ಕಂತು ಏರಿಸಬೇಕೋ, ಅವಧಿ ಎಳೆಯಬೇಕೋ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಬೇಕೋ ಅಂತ ಗ್ರಾಹಕರನ್ನು ಕೇಳಬೇಕು ಎಂದಿತು. ಈಗ ಇದು ನಿಮ್ಮ ಹಕ್ಕು. ನಿಮ್ಮ ಅವಧಿಯೂ ಹೀಗೆ ಎಳೆದುಕೊಂಡು ಹೋಗಿದ್ದರೆ, ಫಿಕ್ಸೆಡ್ಡೋ ಫ್ಲೋಟಿಂಗೋ ಅನ್ನುವ ಮೊದಲು ಅದನ್ನು ಸರಿಮಾಡಿಸಿ.

2. ನಿಮ್ಮ ಬಡ್ಡಿ ಯಾತರಿಂದ ಆಗಿದೆ ನೋಡಿ

2019ರ ಅಕ್ಟೋಬರ್ 1ರ ನಂತರ ಬ್ಯಾಂಕುಗಳು ಕೊಟ್ಟ ಫ್ಲೋಟಿಂಗ್ ಮನೆ ಸಾಲವೆಲ್ಲ ಹೊರಗಿನ ಒಂದು ದರಕ್ಕೆ ಜೋಡಣೆಯಾಗಿರಬೇಕು. ಹೆಚ್ಚಿನವು ರೆಪೊಗೆ, ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರಕ್ಕೆ, ಜೋಡಿಸಿದವು. ಅದರ ಮೇಲೆ ಬ್ಯಾಂಕು ಸೇರಿಸುವುದಕ್ಕೆ ಸ್ಪ್ರೆಡ್ ಅನ್ನುತ್ತಾರೆ. ರೆಪೊ ಜೊತೆಗೆ ಸ್ಪ್ರೆಡ್ ಸೇರಿದರೆ ನಿಮ್ಮ ಬಡ್ಡಿ. ಮೂರು ತಿಂಗಳಿಗೊಮ್ಮೆಯಾದರೂ ಇದು ಹೊಸ ರೆಪೊಗೆ ಹೊಂದಿಕೊಳ್ಳಬೇಕು.

ಭಾವನ ಫೈಲ್ ಬಿಚ್ಚಿದಾಗ ರೆಪೊ 5.25 ಇತ್ತು. ಅವರ ಬಡ್ಡಿ 8.5. ಅಂದರೆ ಸ್ಪ್ರೆಡ್ 3.25. ಅದೇ ಬ್ಯಾಂಕು ಆ ವಾರ ಹೊಸ ಗ್ರಾಹಕರಿಗೆ ಇದಕ್ಕಿಂತ ಮುಕ್ಕಾಲು ಪರ್ಸೆಂಟ್ ಕಡಿಮೆಗೆ ಸಾಲ ಕೊಡುತ್ತಿತ್ತು. ರೆಪೊ ಇಬ್ಬರಿಗೂ ಒಂದೇ. ವ್ಯತ್ಯಾಸವೆಲ್ಲ ಸ್ಪ್ರೆಡ್‌ನಲ್ಲಿ. ಹಳೇ ಗ್ರಾಹಕ ಕೇಳದೆ ಇದ್ದರೆ ಹಳೇ ಸ್ಪ್ರೆಡ್ಡೇ ಮುಂದುವರಿಯುತ್ತದೆ. ನಮ್ಮೂರಲ್ಲಿ ‘ಬಡ್ಡಿ ಜಾಸ್ತಿ, ಫಿಕ್ಸೆಡ್‌ಗೆ ಹೋಗೋಣ’ ಅನ್ನುವ ಎಷ್ಟೋ ಜನರ ನಿಜವಾದ ತೊಂದರೆ ಇದೇ ಅಂತ ನನ್ನ ಅಂದಾಜು.

ನಿಮ್ಮದು ಅದಕ್ಕಿಂತ ಹಳೇ ಸಾಲವಾಗಿದ್ದು ಎಂಸಿಎಲ್‌ಆರ್ ಅಥವಾ ಬೇಸ್ ರೇಟ್ (ಬ್ಯಾಂಕು ತಾನೇ ಲೆಕ್ಕ ಹಾಕುವ ಮೂಲ ದರಗಳು) ಅಂತ ಬರೆದಿದ್ದರೆ ರೆಪೊ ಇಳಿದದ್ದು ನಿಮಗೆ ನಿಧಾನವಾಗಿ, ಅರೆಬರೆಯಾಗಿ ಮುಟ್ಟುತ್ತದೆ. ಹೌಸಿಂಗ್ ಫೈನಾನ್ಸ್ ಕಂಪನಿಯ ಸಾಲವಾದರೆ ಇನ್ನೊಂದು ವಿಷಯ. ಅವರಿಗೆ ಈ ರೆಪೊ ನಿಯಮ ಅನ್ವಯಿಸುವುದಿಲ್ಲ. ತಮ್ಮದೇ ಒಂದು ಮೂಲ ದರ ಇಟ್ಟುಕೊಂಡಿರುತ್ತಾರೆ. ಬಿಲ್ಡರ್ ಕಚೇರಿಯಲ್ಲೇ ಸಹಿ ಹಾಕಿ ಸಾಲ ತೆಗೆದುಕೊಂಡವರು ಇದನ್ನು ಮರೆಯದೆ ನೋಡಿ.

3. ಮೊದಲು ನಿಮ್ಮ ಬ್ಯಾಂಕಿಗೇ ಹೋಗಿ

ಬೇರೆ ಬ್ಯಾಂಕಿನ ಬಾಗಿಲು ತಟ್ಟುವ ಮೊದಲು ಸ್ಪ್ರೆಡ್ ಇಳಿಸಲು ನಿಮ್ಮ ಬ್ಯಾಂಕಿಗೇ ಒಂದು ಅರ್ಜಿ ಕೊಡಿ. ಇಮೇಲ್ ಕಳಿಸಿದರೂ ಆಯಿತು. ಎರಡು ಸಾಲು ಸಾಕು: ನನ್ನ ಸ್ಪ್ರೆಡ್ ಇಷ್ಟು, ಹೊಸ ಗ್ರಾಹಕರಿಗೆ ಇಷ್ಟು, ನನಗೂ ಅಷ್ಟಕ್ಕೆ ಇಳಿಸಿ, ಶುಲ್ಕ ಎಷ್ಟು ತಿಳಿಸಿ. ಸಿಬಿಲ್ ಸ್ಕೋರ್, ಅಂದರೆ ಸಾಲ ಸರಿಯಾಗಿ ಕಟ್ಟಿದ್ದಕ್ಕೆ ಸಿಗುವ ಅಂಕ, ಚೆನ್ನಾಗಿದ್ದರೆ ಅದನ್ನೂ ಬರೆಯಿರಿ. ವರ್ಷಕ್ಕೊಮ್ಮೆ ಪೂರ್ತಿ ಕ್ರೆಡಿಟ್ ರಿಪೋರ್ಟ್ ಉಚಿತವಾಗಿ ಸಿಗುತ್ತದೆ. ದುಡ್ಡು ಕೊಟ್ಟು ತರಿಸಬೇಡಿ.

ಭಾವ ಮೊದಲ ಸಲ ಬರಿಗೈಯಲ್ಲಿ ಹೋದರು. ‘ಆ ರೇಟು ಹೊಸ ಕಸ್ಟಮರ್‌ಗೆ ಮಾತ್ರ ಸರ್’ ಅನ್ನಿಸಿಕೊಂಡು ಬಂದರು. ಎರಡನೇ ಸಲ ಇನ್ನೊಂದು ಬ್ಯಾಂಕು ಬರೆದುಕೊಟ್ಟ ದರದ ಹಾಳೆ ಜೇಬಿನಲ್ಲಿತ್ತು. ಮ್ಯಾನೇಜರ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ‘ಫೋರ್‌ಕ್ಲೋಷರ್ ಲೆಟರ್‌ಗೆ ಅರ್ಜಿ ಎಲ್ಲಿ ಕೊಡಬೇಕು?’ ಅಂತ ಭಾವ ಕೇಳಿದರು. ಸಾಲ ಪೂರ್ತಿ ತೀರಿಸಿ ಹೊರಡಲು ಎಷ್ಟು ಕಟ್ಟಬೇಕು ಅಂತ ಬ್ಯಾಂಕು ಕೊಡುವ ಪತ್ರ ಅದು. ಅಷ್ಟೇ ಕೇಳಿದ್ದು, ಜಗಳ ಗಿಗಳ ಇಲ್ಲ. ವಾರದೊಳಗೆ ಫೋನ್ ಬಂತು. ಜಿಎಸ್‌ಟಿ ಸೇರಿ 5,900 ರೂಪಾಯಿ ಕಟ್ಟಿದರೆ ಶೇ 8 ಮಾಡಿಕೊಡುತ್ತೇವೆ ಅಂದರು.

ಅರ್ಧ ಪರ್ಸೆಂಟ್ ಅಂದರೆ ಏನು ಮಹಾ ಅನ್ನಿಸಬಹುದು. 49,237 ಇದ್ದ ಇಎಂಐ 47,783 ಆಗುತ್ತದೆ. ತಿಂಗಳಿಗೆ 1,454 ರೂಪಾಯಿ, 15 ವರ್ಷಕ್ಕೆ ಸುಮಾರು 2.6 ಲಕ್ಷ. ಇಎಂಐ ಇಳಿಸದೆ ಹಳೆಯದನ್ನೇ ಕಟ್ಟುತ್ತಾ ಹೋದರೆ ಹತ್ತು ಕಂತು ಮುಂಚೆ ಸಾಲ ತೀರುತ್ತದೆ. ಉಳಿತಾಯ ಹತ್ತಿರ ಹತ್ತಿರ 4.9 ಲಕ್ಷ. ಬ್ಯಾಂಕಿನವರು ಕೇಳದೇ ಇಎಂಐ ಇಳಿಸಿಬಿಡಬಹುದು. ‘ಅವಧಿ ಕಡಿಮೆ ಮಾಡಿ’ ಅಂತ ಅರ್ಜಿಯಲ್ಲೇ ಬರೆಯಿರಿ.

4. ಫಿಕ್ಸೆಡ್ ಅಂದರೆ ಎಷ್ಟು ದಿನ ಫಿಕ್ಸೆಡ್?

ಇನ್ನು ಭಾವನ ಅಸಲಿ ಪ್ರಶ್ನೆ. ಅವರ ಬ್ಯಾಂಕು ಫಿಕ್ಸೆಡ್‌ಗೆ ಹೇಳಿದ್ದು ಶೇ 9.25.

ಮೊದಲು ತಿಳಿದಿರಲಿ, ಫಿಕ್ಸೆಡ್ ಕೊಡಲೇಬೇಕು ಅಂತ ಈಗ ಬ್ಯಾಂಕಿಗೆ ಕಟ್ಟುಪಾಡಿಲ್ಲ. 2023ರ ಸುತ್ತೋಲೆಯಲ್ಲಿ ದರ ಬದಲಾಗುವಾಗ ಫಿಕ್ಸೆಡ್‌ಗೆ ಹೋಗುವ ಅವಕಾಶ ಕೊಡಬೇಕು ಅಂತಿತ್ತು. 2025ರ ಅಕ್ಟೋಬರ್ 1ರಿಂದ ಅದನ್ನು ಬ್ಯಾಂಕಿನ ಇಷ್ಟಕ್ಕೆ ಬಿಟ್ಟಿದ್ದಾರೆ. ಹಾಗಾಗಿ ‘ನಮ್ಮಲ್ಲಿ ಇಲ್ಲ’ ಅಂದರೆ ವಾದ ಮಾಡಿ ಪ್ರಯೋಜನವಿಲ್ಲ.

ಇದೆ ಅಂದವರಿಗೆ ನಾಲ್ಕು ಪ್ರಶ್ನೆ ಕೇಳಿ, ಉತ್ತರ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಎಷ್ಟು ವರ್ಷ? ನಮ್ಮಲ್ಲಿ ಫಿಕ್ಸೆಡ್ ಅಂತ ಮಾರುವ ಸಾಲಗಳಲ್ಲಿ ಬಹಳಷ್ಟು ಎರಡೋ ಮೂರೋ ಐದೋ ವರ್ಷಕ್ಕೆ ಮಾತ್ರ ಫಿಕ್ಸೆಡ್. ಆಮೇಲೆ ತಾನಾಗಿ ಫ್ಲೋಟಿಂಗ್. 

ಆ ಅವಧಿ ಮುಗಿದ ಮೇಲೆ ಸ್ಪ್ರೆಡ್ ಎಷ್ಟು? ‘ಆಗ ಚಾಲ್ತಿಯಲ್ಲಿರುವ ದರ’ ಅಂತ ಬರೆದಿದ್ದರೆ ಹುಷಾರು. ಲಂಡನ್ನಿನವನು ಡೀಲ್ ಮುಗಿಯುವ ಮೊದಲೇ ಯಾಕೆ ಓಡಾಡುತ್ತಾನೆ ಅನ್ನುವುದು ಇಲ್ಲಿ ಅರ್ಥವಾಗುತ್ತದೆ.

ನಡುವೆ ದರ ಬದಲಿಸುವ ಹಕ್ಕು ಬ್ಯಾಂಕಿಗಿದೆಯಾ? ಕೆಲವು ಕರಾರುಗಳಲ್ಲಿ ರೀಸೆಟ್ ಕ್ಲಾಸ್ ಅಂತ ಒಂದು ಪ್ಯಾರಾ ಇರುತ್ತದೆ. ಹೆಸರು ಫಿಕ್ಸೆಡ್, ಒಳಗೆ ‘ಮಾರುಕಟ್ಟೆಯ ಪರಿಸ್ಥಿತಿ ನೋಡಿ ಬದಲಿಸಬಹುದು’ ಅಂತ ಸಣ್ಣ ಅಕ್ಷರ. ಅಂಥ ಫಿಕ್ಸೆಡ್‌ಗೆ ಜಾಸ್ತಿ ದುಡ್ಡು ಕೊಡುವುದು ತೂತು ಕೊಡೆಗೆ ಜಾಸ್ತಿ ಬೆಲೆ ಕೊಟ್ಟ ಹಾಗೆ.

ಮುಂಚೆ ಕಟ್ಟಿದರೆ ಶುಲ್ಕ ಎಷ್ಟು? ವ್ಯಕ್ತಿಗಳ ಹೆಸರಿನ ಫ್ಲೋಟಿಂಗ್ ಮನೆ ಸಾಲಕ್ಕೆ ಬ್ಯಾಂಕುಗಳು 2012ರಿಂದಲೂ ಈ ಶುಲ್ಕ ಹಾಕುವಂತಿಲ್ಲ. ಫಿಕ್ಸೆಡ್‌ಗೆ ಆ ರಕ್ಷಣೆ ಹೀಗೆ ಸಾರಾಸಗಟಾಗಿ ಇಲ್ಲ. ಬೋನಸ್ ಬಂದಾಗ, ಕಂಪನಿ ಷೇರು ಮಾರಿದಾಗ, ಊರ ಕಡೆ ಜಮೀನು ಪಾಲಾದಾಗ ಒಂದಷ್ಟು ಸಾಲಕ್ಕೆ ಕಟ್ಟುವುದು ಬೆಂಗಳೂರಿನಲ್ಲಿ ಮಾಮೂಲು ಅಲ್ವಾ? ಶುಲ್ಕ ಶೇ 2 ಅಂತಿದ್ದರೆ 5 ಲಕ್ಷ ಕಟ್ಟಿದ್ದಕ್ಕೆ ಜಿಎಸ್‌ಟಿ ಸೇರಿ 11,800 ರೂಪಾಯಿ ಹೋಯಿತು. ನಮ್ಮ ಸಾಲ ನಾವು ತೀರಿಸಿದ್ದಕ್ಕೆ!

ಈ ನಾಲ್ಕಕ್ಕೂ ಉತ್ತರ ಹುಡುಕಲು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೇಳಿ. ಬಾಯಲ್ಲಿ ಎಲ್ಲರೂ ಕೆಎಫ್‌ಎಸ್ ಅನ್ನುತ್ತಾರೆ. 2024ರ ಅಕ್ಟೋಬರ್ 1ರಿಂದ ಹೊಸ ಸಾಲಕ್ಕೆ ಇದನ್ನು ಕೊಡಲೇಬೇಕು. ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ದರ ಇದರಲ್ಲೇ ಇರುತ್ತದೆ. ಇದಕ್ಕೆ ಕನಿಷ್ಠ ಮೂರು ಕೆಲಸದ ದಿನಗಳ ಸಿಂಧುತ್ವ ಇರಬೇಕು. ‘ಆಫರ್ ಇವತ್ತೇ ಲಾಸ್ಟು, ಸೈನ್ ಹಾಕಿ ಸರ್’ ಅನ್ನುವ ಏಜೆಂಟರಿಗೆ ಇದನ್ನು ನೆನಪಿಸಿ. ಗ್ರಾಹಕರಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು ಅನ್ನುವ ನಿಯಮವೂ ಇದೆ. ಕನ್ನಡದಲ್ಲಿ ಕೊಡಿ ಅಂತ ಕೇಳಿ, ಸಂಕೋಚ ಬೇಡ.

5. ಈಗ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಇಡೀ ತೀರ್ಮಾನ ಇದರ ಮೇಲೆಯೇ ನಿಂತಿದೆ.

ಶೇ 8 ಫ್ಲೋಟಿಂಗ್‌ನಲ್ಲಿ ಭಾವನ ಇಎಂಐ 47,783. ಶೇ 9.25 ಫಿಕ್ಸೆಡ್‌ನಲ್ಲಿ 51,460. ತಿಂಗಳಿಗೆ 3,677 ರೂಪಾಯಿ ಜಾಸ್ತಿ. ಐದು ವರ್ಷಕ್ಕೆ 2.2 ಲಕ್ಷ. ಇದು ಬಡ್ಡಿ ಏರುವ ಭಯಕ್ಕೆ ಕಟ್ಟುವ ವಿಮೆ ಕಂತು ಅಂದುಕೊಳ್ಳಿ.

ಈ ವಿಮೆ ಯಾವಾಗ ಲಾಭ? ಫ್ಲೋಟಿಂಗ್ ದರ 9.25 ದಾಟಿದ ತಕ್ಷಣ ಅಂತ ಭಾವ ಹೇಳಿದರು. ಹೆಚ್ಚಿನವರು ಹಾಗೇ ಅಂದುಕೊಳ್ಳುತ್ತಾರೆ. ಆದರೆ ದರ 9.25 ಮುಟ್ಟುವವರೆಗೂ ಫಿಕ್ಸೆಡ್‌ನವರು ಜಾಸ್ತಿ ಕಟ್ಟುತ್ತಲೇ ಇರುತ್ತಾರೆ. ಆ ಕಳೆದುಕೊಂಡದ್ದು ಮೊದಲು ವಾಪಸ್ ಬರಬೇಕು. ಐದು ವರ್ಷದಲ್ಲಿ ದರ ಒಂದೇ ಸಮನೆ ಮೆಲ್ಲಗೆ ಏರುತ್ತಾ ಹೋಯಿತು ಅನ್ನಿ. ಐದು ವರ್ಷದ ಸರಾಸರಿ 9.25 ಆಗಬೇಕಾದರೆ ಕೊನೆಗೆ ದರ ಶೇ 10.5 ಮುಟ್ಟಿರಬೇಕು. ಅಸಲು ಕರಗುತ್ತಾ ಹೋಗುವುದರಿಂದ ನಿಜವಾಗಿ ಇನ್ನೂ ಚೂರು ಜಾಸ್ತಿಯೇ ಬೇಕು. ಅಂದರೆ ರೆಪೊ 5.25ರಿಂದ 7.75ಕ್ಕೆ ಹೋಗಬೇಕು. 2015ರ ಮಾರ್ಚ್‌ನಲ್ಲಿ 7.75ರಿಂದ ಕೆಳಗಿಳಿದ ರೆಪೊ 2025 ಮುಗಿಯುವವರೆಗೂ ಮತ್ತೆ ಅಲ್ಲಿಗೆ ಹೋಗಿಲ್ಲ.

ಹಾಗಂತ ಏರುವುದೇ ಇಲ್ಲ ಅಂತಲ್ಲ. ಕೋವಿಡ್ ಹೊತ್ತಿನಲ್ಲಿ ರೆಪೊ ಶೇ 4ಕ್ಕೆ ಇಳಿದಿತ್ತು. 2022ರ ಮೇ 4ರಂದು ಮೊದಲ ಏರಿಕೆ ಆಯಿತು. 2023ರ ಫೆಬ್ರವರಿ ಹೊತ್ತಿಗೆ 6.5. ಒಂಬತ್ತೇ ತಿಂಗಳಲ್ಲಿ ಎರಡೂವರೆ ಪರ್ಸೆಂಟ್! ಅಷ್ಟು ಬೇಗ ಏರಿದರೆ ಮೇಲಿನ ಲೆಕ್ಕ ಫಿಕ್ಸೆಡ್ ಕಡೆಗೆ ವಾಲುತ್ತದೆ. ಆಮೇಲೆ ಎರಡು ವರ್ಷ ಅಲ್ಲೇ ನಿಂತಿತು. 2025ರ ಫೆಬ್ರವರಿಯಿಂದ ಇಳಿಯಲು ಶುರುವಾಗಿ ಡಿಸೆಂಬರ್ 5ರಂದು 5.25ಕ್ಕೆ ಬಂತು.

ಈ ಏರಿಳಿತವನ್ನು ಒಂದು ಹಾಳೆಯಲ್ಲಿ ಗೆರೆ ಎಳೆದು ನೋಡಿ. ಫಿಕ್ಸೆಡ್ ಮಾಡಿಸಬೇಕು ಅಂತ ಜನ ಗಾಬರಿಯಿಂದ ಓಡಾಡಿದ್ದು 2023ರಲ್ಲಿ, ದರ ನೆತ್ತಿಯ ಮೇಲಿದ್ದಾಗ. ಆಗ ಫಿಕ್ಸ್ ಮಾಡಿಸಿದವರು 2025ರ ಇಳಿಕೆಯನ್ನು ಕಿಟಕಿಯಿಂದ ನೋಡಬೇಕಾಯಿತು. ಫಿಕ್ಸೆಡ್ ಲಾಭ ಆಗುತ್ತಿದ್ದದ್ದು 2021ರಲ್ಲಿ ಮಾಡಿಸಿದ್ದರೆ. ಆಗ ನಮ್ಮ ಮನೆಯಲ್ಲಿ ಯಾರಿಗೂ ಅದು ನೆನಪೇ ಇರಲಿಲ್ಲ, ನನ್ನನ್ನೂ ಸೇರಿಸಿ.

ನನ್ನ ಅಳತೆ ಹೀಗಿದೆ. ಫಿಕ್ಸೆಡ್‌ಗೂ ಫ್ಲೋಟಿಂಗ್‌ಗೂ ಅಂತರ ಅರ್ಧ ಪರ್ಸೆಂಟ್ ಒಳಗಿದ್ದು, ಐದು ವರ್ಷಕ್ಕೆ ಕಡಿಮೆ ಇಲ್ಲದ ಅವಧಿ ಇದ್ದು, ರೀಸೆಟ್ ಕ್ಲಾಸ್ ಇಲ್ಲದಿದ್ದರೆ ಕೂತು ಯೋಚಿಸಬಹುದು. ಒಂದು ಪರ್ಸೆಂಟ್ ದಾಟಿದರೆ ನಾನು ಎದ್ದು ಬರುತ್ತೇನೆ.

6. ಏರಿದರೆ ಮನೆ ತಡೆದುಕೊಳ್ಳುತ್ತದಾ?

ಲೆಕ್ಕ ಒಂದು ಕಡೆ, ರಾತ್ರಿ ನಿದ್ದೆ ಇನ್ನೊಂದು ಕಡೆ. 2022ರ ಹಾಗೆ ಮತ್ತೆ ಎರಡೂವರೆ ಪರ್ಸೆಂಟ್ ಏರಿದರೆ ಭಾವನ 47,783 ಹೋಗಿ 55,270 ಆಗುತ್ತದೆ. ತಿಂಗಳಿಗೆ ಏಳೂವರೆ ಸಾವಿರ ಹೆಚ್ಚು. ಅಕ್ಕನ ಸಂಬಳ, ಭಾವನ ಸಂಬಳ, ಮಗಳ ಸ್ಕೂಲ್ ಫೀಸು, ಅತ್ತೆಯ ಔಷಧಿ ಎಲ್ಲ ಬರೆದು ಕೂಡಿದೆವು. ಕಷ್ಟ ಆಗುತ್ತದೆ, ಆದರೆ ನಿಭಾಯಿಸಬಹುದು ಅಂತ ಬಂತು.

ನಿಮ್ಮ ಮನೆಯಲ್ಲಿ ಒಬ್ಬರದೇ ದುಡಿಮೆ ಇದ್ದರೆ, ಕೈಗೆ ಬರುವ ಸಂಬಳದಲ್ಲಿ ಅರ್ಧದ ಹತ್ತಿರ ಇಎಂಐಗೇ ಹೋಗುತ್ತಿದ್ದರೆ, ಕಂಪನಿಯಲ್ಲಿ ಲೇಆಫ್ ಮಾತು ಕೇಳಿಬರುತ್ತಿದ್ದರೆ ಉತ್ತರ ಬೇರೆ ಬರಬಹುದು. ಆಗ ಸ್ವಲ್ಪ ದುಡ್ಡು ಜಾಸ್ತಿ ಹೋದರೂ ಫಿಕ್ಸೆಡ್ ಕಂತು ನೆಮ್ಮದಿ ಕೊಡುತ್ತದೆ. ಆದರೂ ಅಂಥವರಿಗೆ ನಾನು ಮೊದಲು ಹೇಳುವುದು ಆರು ತಿಂಗಳ ಇಎಂಐ ಬೇರೆ ಎತ್ತಿಡಿ ಅಂತ. ಕೆಲಸ ಹೋದರೆ ಫಿಕ್ಸೆಡ್ ಕಂತನ್ನೂ ಕಟ್ಟಲೇಬೇಕಲ್ಲ. ಓವರ್‌ಡ್ರಾಫ್ಟ್ ಮಾದರಿಯ ಹೋಮ್ ಲೋನ್ ಆದರೆ ಆ ದುಡ್ಡನ್ನು ಸಾಲದ ಖಾತೆಯಲ್ಲೇ ಇಡಬಹುದು. ಇರುವಷ್ಟು ದಿನ ಬಡ್ಡಿ ಉಳಿಯುತ್ತದೆ, ಬೇಕಾದಾಗ ತೆಗೆಯಬಹುದು.

ಇನ್ನು ನಾವು ಕೊನೆಗೆ ಹಿಡಿದ ದಾರಿ. ಫ್ಲೋಟಿಂಗ್‌ನಲ್ಲೇ ಇದ್ದುಕೊಂಡು, ಫಿಕ್ಸೆಡ್‌ಗೆ ಕಟ್ಟಬೇಕಾಗಿದ್ದ 51,460 ರೂಪಾಯಿಯನ್ನೇ ಪ್ರತಿ ತಿಂಗಳು ಕಟ್ಟುವುದು. ದರ ಶೇ 8ರಲ್ಲೇ ನಿಂತರೆ 180 ತಿಂಗಳ ಸಾಲ 157 ತಿಂಗಳಿಗೆ ಮುಗಿಯುತ್ತದೆ. 23 ಕಂತು ಉಳಿಯಿತು. ನಾಳೆಯೇ ದರ 9.25 ಆಯಿತು ಅಂದುಕೊಳ್ಳಿ. ಆಗಲೂ ಕಂತು ಅಷ್ಟೇ, 15 ವರ್ಷಕ್ಕೇ ಮುಗಿಯುತ್ತದೆ. ಅದಕ್ಕೂ ಮೇಲೆ ಹೋದರೆ ಮಾತ್ರ ಜೇಬಿಗೆ ತಟ್ಟುತ್ತದೆ. ಅಷ್ಟರಲ್ಲಿ ಒಂದಷ್ಟು ಅಸಲು ಹೆಚ್ಚಾಗಿಯೇ ತೀರಿರುತ್ತದೆ. ಬ್ಯಾಂಕು ವಿಮೆ ಅಂತ ತೆಗೆದುಕೊಳ್ಳುತ್ತಿದ್ದ 3,677 ರೂಪಾಯಿ ನಮ್ಮ ಅಸಲಿಗೇ ಹೋಯಿತು. ಇದಕ್ಕೆ ಶುಲ್ಕ ಇಲ್ಲ, ಹೊಸ ಕಾಗದಪತ್ರ ಇಲ್ಲ. ಇಎಂಐ ಏರಿಸಿ ಅಂತ ಒಂದು ಅರ್ಜಿ ಸಾಕು. ಅವರು ಒಪ್ಪದಿದ್ದರೆ ಪ್ರತಿ ತಿಂಗಳು ಆ ಹೆಚ್ಚಿನ ಮೊತ್ತವನ್ನು ಪಾರ್ಟ್ ಪೇಮೆಂಟ್ ಮಾಡಿ.

7. ಬೇರೆ ಬ್ಯಾಂಕಿಗೆ ಹೋಗಲೇಬೇಕಾದರೆ

ನಿಮ್ಮ ಬ್ಯಾಂಕು ಜಗ್ಗದಿದ್ದರೆ ಬ್ಯಾಲೆನ್ಸ್ ಟ್ರಾನ್ಸ್‌ಫರ್ ಮಾಡಿಸಬೇಕು. ಖರ್ಚು ಎಲ್ಲ ಕೂಡಿಸಿ: ಪ್ರೊಸೆಸಿಂಗ್ ಫೀ, ವಕೀಲರ ಲೀಗಲ್ ಒಪಿನಿಯನ್, ವ್ಯಾಲ್ಯುಯೇಷನ್, ಎಂಒಡಿಟಿ (ಆಸ್ತಿಪತ್ರ ಬ್ಯಾಂಕಿನಲ್ಲಿ ಅಡವಿಟ್ಟ ದಾಖಲೆ) ನೋಂದಣಿಯ ಮುದ್ರಾಂಕ ಶುಲ್ಕ. ‘ಪ್ರೊಸೆಸಿಂಗ್ ಫೀ ಸೊನ್ನೆ’ ಅನ್ನುವ ಜಾಹೀರಾತಿನಲ್ಲಿ ಉಳಿದ ಮೂರರ ಮಾತು ಇರುವುದಿಲ್ಲ. ಒಟ್ಟು 40,000 ಖರ್ಚಾಗಿ ತಿಂಗಳಿಗೆ 1,454 ಉಳಿಯುತ್ತದೆ ಅಂದರೆ ಹಾಕಿದ ಖರ್ಚು ವಾಪಸ್ ಬರಲು 28 ತಿಂಗಳು ಬೇಕು. 15 ವರ್ಷ ಇರುವವರಿಗೆ ಅದು ಸರಿ. ಬಾಕಿ 15 ಲಕ್ಷ, ಉಳಿದದ್ದು ನಾಲ್ಕೇ ವರ್ಷ ಅಂದರೆ ಅರ್ಧ ಪರ್ಸೆಂಟ್ ಇಳಿದರೆ ಉಳಿಯುವುದು ತಿಂಗಳಿಗೆ 353 ರೂಪಾಯಿ. ಅಂಥವರು ಮನೆಯಲ್ಲೇ ಕೂರಿ.

ಟಾಪ್ ಅಪ್, ಅಂದರೆ ಇದರ ಮೇಲೆ ಇನ್ನಷ್ಟು ಸಾಲದ ಆಸೆ ತೋರಿಸುತ್ತಾರೆ. ಬೇಡ ಅನ್ನಿ. ಹೊಸದಾಗಿ 20 ವರ್ಷದ ಅವಧಿ ಹಾಕಿ ಇಎಂಐ ಇಳಿಸಿ ತೋರಿಸುತ್ತಾರೆ. ಅದಕ್ಕೂ ಬೇಡ ಅನ್ನಿ.

ಬೆಂಗಳೂರಿನಲ್ಲಿ ಕೆಲಸ ನಿಲ್ಲುವುದು ಸಾಮಾನ್ಯವಾಗಿ ಬಡ್ಡಿಯಲ್ಲಲ್ಲ, ಕಾಗದದಲ್ಲಿ. ಹೊಸ ಬ್ಯಾಂಕಿನ ವಕೀಲರು ಮದರ್ ಡೀಡ್‌ನಿಂದ (ಆಸ್ತಿಯ ಮೂಲ ಹಕ್ಕುಪತ್ರದಿಂದ) ಶುರುಮಾಡಿ ಎಲ್ಲವನ್ನೂ ಮತ್ತೆ ನೋಡುತ್ತಾರೆ. ಇ-ಖಾತಾ ಕೇಳುತ್ತಾರೆ. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾಗಿವೆ. ನಿಮ್ಮದು ಯಾವುದಕ್ಕೆ ಸೇರುತ್ತದೆ ನೋಡಿಕೊಳ್ಳಿ. ಸೇಲ್ ಡೀಡ್‌ನಲ್ಲಿ ಇನಿಷಿಯಲ್ ಹಿಂದೆ, ಖಾತೆಯಲ್ಲಿ ಮುಂದೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದರೆ ಅದನ್ನು ಮೊದಲೇ ಸರಿಮಾಡಿಸಿ. ಫ್ಲ್ಯಾಟ್ ಆದರೆ ಒಸಿ, ಅಂದರೆ ಕಟ್ಟಡದಲ್ಲಿ ವಾಸಕ್ಕೆ ಒಪ್ಪಿಗೆ ಕೊಟ್ಟ ಪತ್ರ, ಇದೆಯಾ ನೋಡಿ. ಬಿ ಖಾತಾ (ಪೂರ್ತಿ ಸಕ್ರಮವಾಗಿರದ) ಆಸ್ತಿಗೆ ಹೆಚ್ಚಿನ ಬ್ಯಾಂಕುಗಳು ಮುಂದೆ ಬರುವುದಿಲ್ಲ. ಅಂಥವರು ಪ್ರೊಸೆಸಿಂಗ್ ಫೀ ಕಟ್ಟುವ ಮೊದಲೇ ‘ನನ್ನದು ಬಿ ಖಾತಾ, ಆಗುತ್ತಾ?’ ಅಂತ ಕೇಳಿಬಿಡಿ. ಫೀ ವಾಪಸ್ ಬರುವುದು ಕಡಿಮೆ.

ಎಲ್ಲ ಸರಿಯಿದ್ದರೆ ಹಳೇ ಬ್ಯಾಂಕಿನಿಂದ ಫೋರ್‌ಕ್ಲೋಷರ್ ಲೆಟರ್ ಮತ್ತು ಅವರ ಹತ್ತಿರ ಇರುವ ಮೂಲಪತ್ರಗಳ ಪಟ್ಟಿ ತೆಗೆದುಕೊಳ್ಳಿ. ಹೊಸ ಬ್ಯಾಂಕು ಹಳೇ ಬ್ಯಾಂಕಿಗೆ ದುಡ್ಡು ಕೊಟ್ಟ ದಿನದಿಂದ ಹೊಸ ಬಡ್ಡಿ ಓಡುತ್ತದೆ. ಹಳೇ ಇಎಂಐ ಮ್ಯಾಂಡೇಟ್ ರದ್ದು ಮಾಡಿಸಿ. ಇಲ್ಲದಿದ್ದರೆ ಒಂದೇ ತಿಂಗಳು ಎರಡು ಕಂತು ಕಟ್ ಆಗುತ್ತದೆ. ಆಮೇಲೆ ವಾಪಸ್ ಪಡೆಯಲು ತಿಂಗಳುಗಟ್ಟಲೆ ಅಲೆಯಬೇಕು.

ಸಾಲ ಪೂರ್ತಿ ತೀರಿದ 30 ದಿನದೊಳಗೆ ಹಳೇ ಬ್ಯಾಂಕು ಮೂಲಪತ್ರ ಬಿಡುಗಡೆ ಮಾಡಬೇಕು. ಅವರದೇ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 2023ರ ಡಿಸೆಂಬರ್ 1ರಿಂದ ಈ ನಿಯಮ ಇದೆ. ದೂರು ಕೊಟ್ಟು 30 ದಿನವಾದರೂ ಬ್ಯಾಂಕು ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ಬರೆಯಬಹುದು, ಖರ್ಚಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಹಳೇ ಎಂಒಡಿಟಿಯ ಋಣಮುಕ್ತಿ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ಆಮೇಲೆ ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಒಂದು ಹೊಸ ಇಸಿ, ಅಂದರೆ ಋಣಭಾರ ಪತ್ರ, ತೆಗೆದು ನೋಡಿ. ಹಳೇ ಬ್ಯಾಂಕಿನ ಹೆಸರು ಅಲ್ಲೇ ಉಳಿದುಹೋದರೆ ಹತ್ತು ವರ್ಷದ ನಂತರ ಮನೆ ಮಾರಲು ಹೋದಾಗ ಆ ಬ್ರಾಂಚೇ ಇರುವುದಿಲ್ಲ.

ತೆರಿಗೆ ವಿಷಯ ಒಂದೇ ಮಾತು. ಹಳೇ ತೆರಿಗೆ ಪದ್ಧತಿಯಲ್ಲಿ ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗಿನ ಕಡಿತ ಸಾಲ ಬೇರೆ ಬ್ಯಾಂಕಿಗೆ ಹೋದರೂ ಮುಂದುವರಿಯುತ್ತದೆ. ಹೊಸ ಪದ್ಧತಿಯಲ್ಲಿ ಇರುವವರಿಗೆ ವಾಸದ ಮನೆಗೆ ಅದು ಇಲ್ಲವೇ ಇಲ್ಲ. ಹಾಗಾಗಿ ‘ಬಡ್ಡಿ ಜಾಸ್ತಿಯಾದರೆ ತೆರಿಗೆ ಉಳಿಯುತ್ತೆ’ ಅನ್ನುವ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ.

8. ಆಮೇಲೆ

ರಿಸರ್ವ್ ಬ್ಯಾಂಕು ಹೆಚ್ಚುಕಡಿಮೆ ಎರಡು ತಿಂಗಳಿಗೊಮ್ಮೆ ರೆಪೊ ಬಗ್ಗೆ ಹೇಳುತ್ತದೆ. ಬದಲಾವಣೆ ಆಗಿದ್ದರೆ ಮುಂದಿನ ರೀಸೆಟ್ ತಾರೀಖಿನಲ್ಲಿ ನಿಮ್ಮ ದರವೂ ಬದಲಾಗಿದೆಯಾ, ಉಳಿದ ಕಂತು ಎಷ್ಟಾಗಿದೆ, ಈ ಎರಡನ್ನು ನೋಡಿ. ಐದು ನಿಮಿಷದ ಕೆಲಸ.

ಭಾವ ಅಡುಗೆಮನೆ ಬಾಗಿಲಿಗೆ ನೇತುಹಾಕಿದ ಕ್ಯಾಲೆಂಡರಿನಲ್ಲಿ ಮೂರು ತಿಂಗಳಿಗೊಂದು ಕಡೆ ಪೆನ್ಸಿಲ್‌ನಲ್ಲಿ ‘ರೆಪೊ’ ಅಂತ ಬರೆದಿದ್ದಾರೆ. ಗ್ಯಾಸ್ ಸಿಲಿಂಡರ್ ಬಂದ ತಾರೀಖಿನ ಪಕ್ಕದಲ್ಲೇ. ಮೊನ್ನೆ ಹೋದಾಗ ಅಕ್ಕ ಕೇಳಿದಳು, ‘ಇದೇನೋ ಇದು, ಯಾರ ಹುಟ್ಟುಹಬ್ಬ?’